ಸವೆದ ಜಾಗ

ಬಿಸಿನೀರು ಸುರಿದ ಮೇಲೆ ಹಲಗೆಗೆ ಅಂಟಿದ್ದ ಕಪ್ಪು ಹಾಳೆಯ ಅಂಚು ಸ್ವಲ್ಪ ಮೇಲೆದ್ದಿತು. ಅಂಬುಜಾ ದೋಸೆ ಮಗುಚುವ ಕೈಯನ್ನು ಅದರಡಿಗೆ ತೂರಿಸಿ ಕೆರೆದಳು. ಉಪ್ಪುಕಾಗದದಂಥ ಒರಟು ಹಾಳೆ. ಎರಡು ಕಡೆ ಪೂರ್ತಿ ಸವೆದು, ಹುರುಕು ಹತ್ತಿದ ಹಾಗೆ ಮರ ಕಾಣುತ್ತಿತ್ತು. ಇಂಥದ್ದನ್ನು ದೇವರ ಮುಂದೆ ಇಡುವುದು ಹೇಗೆ? ಹಾಳೆ ಕಿತ್ತು ಬಂದ ಮೇಲೆ ತೆಂಗಿನ ನಾರು ಹಿಡಿದು, ಇಡೀ ಹಲಗೆ ಒಂದೇ ಬಣ್ಣಕ್ಕೆ ಬರುವವರೆಗೆ ತಿಕ್ಕಿದಳು.

ಹೋದ ವರ್ಷ ಮನೆಯಲ್ಲಿ ಹಬ್ಬವಿರಲಿಲ್ಲ. ಮಗಳು ಚೈತನ್ಯಾ ತೀರಿಕೊಂಡಿದ್ದಳು. ವರ್ಷಾಬ್ದಿಕ ಮುಗಿದ ಮೇಲೆ ಬಂದ ಮೊದಲ ಆಯುಧಪೂಜೆ ಇದು. ಅವಳ ಸ್ಕೇಟ್‌ಬೋರ್ಡನ್ನು ಬೀರುವಿನ ಹಿಂದಿನಿಂದ ತೆಗೆದು, ಪೂಜೆ ಮಾಡಿ, ಅವಳ ಗೆಳತಿ ಶರಣ್ಯಳಿಗೆ ಕೊಟ್ಟುಬಿಡಬೇಕೆಂದು ಅಂಬುಜಾ ನಿರ್ಧರಿಸಿದ್ದಳು. ಕೊಡುವುದಾದರೆ ಲಕ್ಷಣವಾಗಿ ಕೊಡಬೇಕು.

"ಅದಕ್ಕೂ ಪೂಜೆನಾ?" ಸ್ಕೂಟರಿಗೆ ಬಾಳೆಕಂದು ಕಟ್ಟುತ್ತಿದ್ದ ಗಂಡ ರಾಮಾನುಜ ಕೇಳಿದರು.

"ನಿಮ್ಮ ಸ್ಕೂಟರಿಗೆ ಇರೋದು ಎರಡೇ ಚಕ್ರ ರೀ. ಇದಕ್ಕೆ ನಾಲ್ಕಿದೆ."

ಅವರು ನಗಲಿಲ್ಲ. ಆ ಹಲಗೆಯ ಕಡೆ ತಿರುಗಿಯೂ ನೋಡಲಿಲ್ಲ.

ಮೀನಿನ ಆಕಾರದ ಅಗಲ ಹಲಗೆ. ಹಳೇ ಕಾಲದ್ದೇ ಬೇಕೆಂದು ಚೈತನ್ಯಾ ಎಲ್ಲೆಲ್ಲೋ ಹುಡುಕಿ ತಂದಿದ್ದಳು. ಮೂತಿ ಚಪ್ಪಟೆ, ಬಾಲ ಮಾತ್ರ ಮೇಲಕ್ಕೆ. ಅಡಿಯಲ್ಲಿ ನೀಲಿ ಅಲೆಯ ಚಿತ್ರ. "ಅಲೆ ಏಳದ ದಿನ, ಹಲಗೆ ಮೇಲೆ ನಿಂತು ಸರ್ಫ್ ಮಾಡೋರಿಗೆ ಕೈಕಾಲು ಸುಮ್ನಿರ್ತಿರ್ಲಿಲ್ವಂತೆ. ಹಲಗೆಗೆ ಚಕ್ರ ಹೊಡ್ಕೊಂಡು ರೋಡಿಗಿಳಿದ್ರು. ಬೆಂಗಳೂರಿಗೆ ಸಮುದ್ರ ಇಲ್ವಲ್ಲಮ್ಮ, ನಂಗಿದೇ" ಎನ್ನುತ್ತಾ ಶಂಕರಪುರಂನ ಅಡ್ಡರಸ್ತೆಯಲ್ಲಿ ತೇಲಿ ಹೋಗುತ್ತಿದ್ದಳು. ಆಮೇಲೆ ನಿಜವಾದ ಸಮುದ್ರವನ್ನೇ ಹುಡುಕಿಕೊಂಡು ಕರಾವಳಿಗೆ ಹೋದಳು. ಬೇಡವೆಂದ ರಾಮಾನುಜರನ್ನು ಒಪ್ಪಿಸಿ, ಡಬ್ಬಿಗೆ ಚಕ್ಕುಲಿ ತುಂಬಿ ಕಳಿಸಿದವಳು ಅಂಬುಜಾಳೇ. ಮೂರನೆಯ ದಿನ ಅಲೆ ಮಗಳನ್ನು ಎಳೆದುಕೊಂಡಿತು.

ಹತ್ತು ಗಂಟೆಗೆ ಶರಣ್ಯ ವಿ.ವಿ. ಪುರಂನಿಂದ ನಡೆದೇ ಬಂದಳು. "ರೋಡ್ ತುಂಬಾ ಒಡೆದ ಕುಂಬಳಕಾಯಿ ಆಂಟಿ. ಗಾಡಿ ತಂದಿದ್ರೆ ಇವತ್ತು ನನಗೇ ಪೂಜೆ ಆಗ್ತಿತ್ತು."

"ಬಿಡ್ತು ಅನ್ನು. ಒಳಗೆ ಬಾ."

ಹಲಗೆ ಮಣೆಯ ಮೇಲಿತ್ತು. ನಡುವೆ ಅರಿಶಿನ, ಕುಂಕುಮ, ಮೂತಿಯ ಬಳಿ ಒಂದು ಸೇವಂತಿಗೆ. ಬರಿಯ ಮರ ನುಣ್ಣಗೆ ಹೊಳೆಯುತ್ತಿತ್ತು. ಶರಣ್ಯಳ ಮುಖದ ನಗು ನಿಂತಿತು.

"ಆಂಟಿ, ಮೇಲಿದ್ದ ಗ್ರಿಪ್ ಎಲ್ಲಿ?"

"ಆ ಕಪ್ಪು ಹಾಳೆನಾ? ಕಿತ್ತುಹಾಕ್ದೆ. ಎರಡು ಕಡೆ ಸವೆದು ಗಲೀಜಾಗಿತ್ತು ನೋಡು. ನಿನಗೆ ಹೇಗಮ್ಮ ಹಾಗೇ ಕೊಡೋದು?"

ಶರಣ್ಯ ನೆಲದ ಮೇಲೆ ಕೂತಳು. "ಅಲ್ಲೇ ಆಂಟಿ, ಅವಳು ನಿಲ್ತಿದ್ದಿದ್ದು."

ಅಂಬುಜಾ ಬರಿಯ ಹಲಗೆಯ ಕಡೆ ತಿರುಗಿ ನೋಡಿದಳು.

"ನಾವೆಲ್ಲ ಎಡಗಾಲು ಮುಂದೆ ಇಡ್ತೀವಿ. ಅವಳೊಬ್ಳೇ ಬಲಗಾಲು. 'ಏನೇ, ಮನೆ ತುಂಬಿಸ್ಕೋತಿದೀಯಾ?' ಅಂತ ರೇಗಿಸ್ತಿದ್ವಿ. ಇವತ್ತು ಆ ಜಾಗದಲ್ಲೇ ಕಾಲಿಟ್ಟು ಒಂದ್ಸಲ ನಿಲ್ಲೋಣ ಅಂತ ಬಂದೆ..."

ಅಂಬುಜಾ ಎದ್ದು ಗೇಟಿನ ಬಳಿಗೆ ಓಡಿದಳು. ಕಸದ ಬುಟ್ಟಿ ಖಾಲಿಯಾಗಿತ್ತು.

"ಕಸದ ಆಟೋ ಬಂದಿತ್ತಾ ರೀ?"

"ಆಗ್ಲೇ ಬಂದು ಹೋಯ್ತಲ್ಲ. ಯಾಕೆ?"

ಅವಳು ಖಾಲಿ ಬುಟ್ಟಿಯನ್ನು ಇನ್ನೊಮ್ಮೆ ಬಗ್ಗಿ ನೋಡಿದಳು. ತಳದಲ್ಲಿ ಬಾಳೆಹಣ್ಣಿನ ಸಿಪ್ಪೆಯೊಂದು ಅಂಟಿಕೊಂಡಿತ್ತು, ಅಷ್ಟೇ.

ಒಳಗೆ ಬಂದಾಗ ಶರಣ್ಯ ಕಣ್ಣು ಒರೆಸಿಕೊಂಡಿದ್ದಳು. "ಬಿಡಿ ಆಂಟಿ, ಹೊಸದು ಅಂಟಿಸ್ಬಹುದು. ಮೊದ್ಲು ಇದೆಲ್ಲ ಎಲ್ಲಿತ್ತು? ಸರ್ಫ್ ಮಾಡೋರ ಥರ ಬರಿಗಾಲಲ್ಲೇ ನಿಲ್ತಿದ್ರಂತೆ."

ಅಂಬುಜಾ ಅವಳ ಪಕ್ಕದಲ್ಲಿ ಮಂಡಿಯೂರಿದಳು. "ಅವಳ ಕಾಲು ಎಲ್ಲಿರ್ತಿತ್ತು ಅಂತ ತೋರಿಸು."

ಶರಣ್ಯ ಕುಂಕುಮ ತಾಗದಂತೆ ಬೆರಳಿಟ್ಟು ತೋರಿಸಿದಳು. ಅಂಬುಜಾ ಅಲ್ಲಿ ಬಲ ಅಂಗೈ ಊರಿದಳು. ಮರದಲ್ಲಿ ಇನ್ನೂ ತೇವವಿತ್ತು.

"ಇನ್ನೊಂದು?"

"ಹಿಂದೆ, ಬಾಲದ ಹತ್ರ."

ಅಂಬುಜಾ ಎಡ ಅಂಗೈಯನ್ನೂ ಊರಿದಳು.

"ಇನ್ನೂ ಸ್ವಲ್ಪ ಹಿಂದೆ, ಆಂಟಿ."

ಅವಳು ಕೈಯನ್ನು ಸರಿಸಿದಳು.

"ಇನ್ನೂ ಚೂರು."