ಕ್ಲಾರಾಳ ತವರು

ಅಕ್ಕು ಸೌದಿಯ ಥುಕ್ಬಾದಲ್ಲಿದ್ದ ಮಗ ಯೋಗೀಶನ ಮನೆಗೆ ಬಂದು ನಲವತ್ತು ದಿನವಾಗಿತ್ತು. ಮಾತಿಗೆ ಜನ ಸಿಗದೆ ನಾಲಿಗೆ ತುಕ್ಕು ಹಿಡಿದಿದ್ದ ಹೊತ್ತಿಗೆ, ಶುಕ್ರವಾರ ಕೋರಿ ರೊಟ್ಟಿ ಉಣ್ಣಲು ಯೋಗೀಶನ ಸಾಹೇಬ ಬಂದ. ಅಮೆರಿಕದವನಾದರೇನು, ಮನುಷ್ಯನಲ್ಲವೇ! ಆರಡಿಯ ಈ ವೆಸ್ಲಿ, ರಾಸ್ ತನೂರಾ ಎಂಬ ಊರಿನ ಎಣ್ಣೆ ರಿಫೈನರಿಯಲ್ಲಿ ಮೂವತ್ತು ವರ್ಷ ದುಡಿದು, ಮುಂದಿನ ವಾರ ಊರಿಗೆ ಹೊರಟಿದ್ದ.

ಊಟವಾದ ಮೇಲೆ ಅವನು ಅಕ್ಕುವಿನ ಮೊಮ್ಮಗಳು ವಿಸ್ಮಯಾಳ ಲ್ಯಾಪ್‌ಟಾಪಿನಲ್ಲಿ ತನ್ನ ಕೌಂಟಿಯ ಚರಿತ್ರೆಯ ಪುಟ ತೆರೆದ. ಕೌಂಟಿಯೆಂದರೆ ಹೆಚ್ಚುಕಡಿಮೆ ನಮ್ಮ ತಾಲೂಕು. ಅಲ್ಲಿನ ನಿವೃತ್ತ ಮೇಷ್ಟ್ರುಗಳು, ಚರ್ಚಿನ ಹೆಂಗಸರು ಸೇರಿ ಹಳೆಯ ಜನಗಣತಿ, ಮದುವೆಯ ದಾಖಲೆ, ಜೋಳದ ಹೊಲದ ಮೂಲೆಯಲ್ಲಿದ್ದ ಗೋರಿಕಲ್ಲುಗಳ ಬರಹವನ್ನೂ ಬಿಡದೆ ನಕಲು ಮಾಡಿಟ್ಟಿದ್ದರು. ಸತ್ತವರ ಮೇಲೆ ಇಷ್ಟು ಪ್ರೀತಿ ಇರುವವರು ಒಳ್ಳೆಯ ಜನವೇ ಎಂದು ಅಕ್ಕು ಅಲ್ಲೇ ತೀರ್ಮಾನಿಸಿದಳು.

ಇಷ್ಟೆಲ್ಲ ಇದ್ದೂ ವೆಸ್ಲಿಗೆ ಅಪ್ಪನ ತಾಯಿ ಕ್ಲಾರಾ ಮಾತ್ರ ಸಿಕ್ಕಿರಲಿಲ್ಲ. ಹೆತ್ತ ಕೂಸನ್ನು ಬಿಟ್ಟು ಓಡಿಹೋದಳೆಂದು ಅಜ್ಜ ಹೇಳುತ್ತಿದ್ದನಂತೆ. ಅದನ್ನೇ ನಂಬಿದ ಅಪ್ಪ ಸಾಯುವವರೆಗೂ ತಾಯಿಯ ಹೆಸರೆತ್ತಲಿಲ್ಲ. ನಿಜ ತಿಳಿಯದೆ ಅಪ್ಪನ ಗೋರಿಯೆದುರು ಹೇಗೆ ನಿಲ್ಲಲಿ ಎಂದು ವೆಸ್ಲಿ ಕೇಳಿದ್ದನ್ನು ವಿಸ್ಮಯಾ ಕನ್ನಡದಲ್ಲಿ ಹೇಳಿದಾಗ ಅಕ್ಕು ಮುಂದಕ್ಕೆ ಬಾಗಿದಳು.

"ಕೂಸು ಹುಟ್ಟಿದ್ದು ಎಲ್ಲಿ ಅಂತೆ? ಕೇಳು ಮಗಾ."

ದಾಖಲೆಯಲ್ಲಿ ಪಕ್ಕದ ಹಳ್ಳಿಯ ಹೆಸರಿದೆ, ಅಜ್ಜನ ಮನೆ ಅಲ್ಲಿರಲಿಲ್ಲ, ಗುಮಾಸ್ತ ತಪ್ಪು ಬರೆದಿರಬೇಕು ಎಂದ ವೆಸ್ಲಿ.

ಅಕ್ಕು ಹಣೆ ಚಚ್ಚಿಕೊಂಡಳು. "ಎಂತ ತಪ್ಪು ಮಾರಾಯ! ಚೊಚ್ಚಲ ಹೆರಿಗೆಗೆ ಗಂಡನ ಮನೆಯಲ್ಲಿ ಯಾರು ಕೂತ್ಕೊಳ್ತಾರೆ? ಈ ಯೋಗೀಶನನ್ನು ನಾನು ಹೆತ್ತದ್ದೂ ನನ್ನ ಅಣ್ಣನ ಮನೆಯಲ್ಲೇ. ಆ ಹಳ್ಳಿಯ ಗೋರಿಕಲ್ಲುಗಳನ್ನು ನೋಡ್ಲಿಕ್ಕೆ ಹೇಳು."

ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದ ಹಾಗೆ, ವೆಸ್ಲಿ ಇಷ್ಟು ವರ್ಷ ತನ್ನ ಮನೆತನದ ಹೆಸರಿನಲ್ಲಷ್ಟೇ ಹುಡುಕಿದ್ದ. ಆ ಹಳ್ಳಿಯ ಪಟ್ಟಿಯಲ್ಲಿದ್ದದ್ದು ಮೂವತ್ತೊಂದೇ ಕಲ್ಲು. ಬೇರೊಂದು ಮನೆತನದ, ಕ್ಲಾರಾಳ ತವರಿನವರ ಸಾಲಿನಲ್ಲಿ ಹೀಗಿತ್ತು: 'ಕ್ಲಾರಾ, ನಮ್ಮ ಮುದ್ದಿನ ತಂಗಿ. ಹತ್ತೊಂಬತ್ತು ವರ್ಷ. ಒಂದು ಗಂಡುಕೂಸಿನ ತಾಯಿ.'

ವಿಸ್ಮಯಾ ತಾರೀಕುಗಳನ್ನು ಎರಡು ಸಲ ಎಣಿಸಿದಳು. ವೆಸ್ಲಿಯ ಅಪ್ಪ ಹುಟ್ಟಿ ಒಂಬತ್ತನೆಯ ದಿನಕ್ಕೆ ಕ್ಲಾರಾ ತೀರಿಕೊಂಡಿದ್ದಳು.

ಆರಡಿಯ ಆಳು ಮುಖ ಮುಚ್ಚಿಕೊಂಡು ಅತ್ತ. ಅಕ್ಕು ಎದ್ದು ಹೋಗಿ ಅವನ ಬಿಳಿತಲೆಯ ಮೇಲೆ ಕೈಯಿಟ್ಟಳು.

"ಬಿಟ್ಟು ಹೋದದ್ದಲ್ಲ ಮಗಾ, ಅವಳು ತವರಿಗೆ ಹೋದದ್ದು."

ಅಪ್ಪನಿಗೆ ಈಗ ಏನು ಹೇಳಲಿ ಎಂದು ಅವನು ಕೇಳಿದ.

"ಅಮ್ಮ ಒಂಬತ್ತು ದಿನವೂ ನಿನ್ನನ್ನು ಮಡಿಲಿಂದ ಇಳಿಸ್ಲಿಲ್ಲ ಅಂತ ಹೇಳು," ಎಂದಳು ಅಕ್ಕು, ಎಲ್ಲ ಕಣ್ಣಾರೆ ಕಂಡವಳ ಹಾಗೆ.