ಬೆರಳಿನ ಮನೆ

ದರ್ಭೆಯ ಪವಿತ್ರ ತೊಡಿಸಲೆಂದು ಗೋಪೀನಾಥನ ಬಲಗೈ ಎಳೆದುಕೊಂಡ ಪುರೋಹಿತರು ಹಾಗೇ ನಿಂತುಬಿಟ್ಟರು. ಆ ಕೈಯಲ್ಲಿ ಉಂಗುರದ ಬೆರಳೇ ಇರಲಿಲ್ಲ. ಕಿರುಬೆರಳೂ ಇರಲಿಲ್ಲ. ನಡುಬೆರಳು ಅರ್ಧಕ್ಕೇ ಮುಗಿದಿತ್ತು.

"ಕರ್ಮ ಮಾಡೋಕೆ ಬೇರೆ ಯಾರಾದ್ರೂ ಇದಾರಾ?" ಎಂದು ಮೆಲ್ಲಗೆ ಕೇಳಿದರು.

ರಾಜಾಜಿನಗರದ ಆ ಬಾಡಿಗೆ ಮನೆಯ ಅಂಗಳದಲ್ಲಿ ಮಲಗಿಸಿದ್ದ ಸೇತುರಾಮನಿಗೆ ಮಕ್ಕಳಿರಲಿಲ್ಲ. ಹಿಂದಿನ ದಿನ ಮಧ್ಯಾಹ್ನ ಊಟಕ್ಕೆ ಕೂತವನು ಎದೆ ಹಿಡಿದುಕೊಂಡು ಒರಗಿದ್ದ. ಒಡಹುಟ್ಟಿದವನೆಂದರೆ ಈ ತಮ್ಮ ಒಬ್ಬನೇ. ಅವನು ಭದ್ರಾವತಿಯಿಂದ ಬರುವವರೆಗೆ ದೇಹದ ಸುತ್ತ ಮಂಜುಗಡ್ಡೆ ಇಟ್ಟಿದ್ದರು.

ಗೋಪೀನಾಥ ಕೈ ಹಿಂದಕ್ಕೆಳೆದುಕೊಂಡ. "ಚಿಕ್ಕಪ್ಪನ ಮಗ ಮಾಡ್ಲಿ ಬಿಡಿ."

ಬಾಗಿಲ ಬಳಿ ಕೂತಿದ್ದ ಸೇತುರಾಮನ ಹೆಂಡತಿ ಅಂಬುಜಾ ತಲೆಯೆತ್ತಿದಳು. "ಅವನೇ ಮಾಡ್ಬೇಕು. ಆ ಬೆರಳು ಎಲ್ಲಿ ಹೋಯ್ತು ಅಂತ ದೇವರಿಗೆ ಗೊತ್ತಿಲ್ವಾ? ತೋರುಬೆರಳಿಗೆ ಹಾಕಿ."

ಪುರೋಹಿತರು ಒಂದು ಗಳಿಗೆ ಯೋಚಿಸಿ, ತೋರುಬೆರಳಿಗೇ ತೊಡಿಸಿದರು.

*

ಆ ಬೆರಳುಗಳು ಹೋದದ್ದು ಎಪ್ಪತ್ತೊಂದರ ಚಳಿಗಾಲದಲ್ಲಿ, ಲಡಾಖಿನಲ್ಲಿ. ಗೋಪೀನಾಥ ಸೈನ್ಯದಲ್ಲಿ ಲಾರಿ ಮೆಕ್ಯಾನಿಕ್ ಆಗಿದ್ದ. ಹೊರಡುವಾಗ ಅಣ್ಣ ಒಂದು ಜೊತೆ ಕೈಗವಸು ಹೊಲಿದುಕೊಟ್ಟಿದ್ದ. ಸೇತುರಾಮ ರೇನ್‌ಕೋಟ್ ಕಾರ್ಖಾನೆಯೊಂದರ ಕಟಿಂಗ್ ಮಾಸ್ಟರ್. ಬೆಂಗಳೂರಿನ ಡಿಸೆಂಬರ್ ಬಿಟ್ಟು ಬೇರೆ ಚಳಿ ಕಂಡವನಲ್ಲ. ತುಂಬಿದಷ್ಟೂ ಬೆಚ್ಚಗೆ ಎಂದುಕೊಂಡು ಹತ್ತಿ ತುಂಬಿದ್ದ. ತೊಟ್ಟರೆ ಕೈ ಪುಟ್ಟ ದಿಂಬಿನಂತಾಗುತ್ತಿತ್ತು. ಸ್ಪ್ಯಾನರ್ ಹಿಡಿಯಲು ಬರುತ್ತಿರಲಿಲ್ಲ. ಹಿಮದ ದಾರಿಯಲ್ಲಿ ಲಾರಿಯೊಂದು ಕೆಟ್ಟು ನಿಂತ ದಿನ ಗೋಪೀನಾಥ ಕೈಗವಸು ಕಳಚಿಟ್ಟ. ಒಂದು ನಟ್ಟಿಗಾಗಿ ಕಳಚಿದ್ದು, ಆಮೇಲೆ ಇನ್ನೊಂದಕ್ಕೆ. ಕೆಲಸ ಮುಗಿದಾಗ ಬೆರಳು ಇವೆಯೆಂಬುದೇ ತಿಳಿಯುತ್ತಿರಲಿಲ್ಲ.

ಆಸ್ಪತ್ರೆಯಿಂದ ಊರಿಗೆ ಬಂದವನನ್ನು ಸೇತುರಾಮ ಕೇಳಿದ್ದು ಒಂದೇ ಮಾತು.

"ನಾನು ಕೊಟ್ಟಿದ್ದು ಹಾಕ್ಕೊಂಡಿರ್ಲಿಲ್ವೇನೋ?"

"ಹಾಕ್ಕೊಂಡೇ ಇದ್ದೆ. ಅಲ್ಲಿನ ಚಳಿ ಯಾವುದನ್ನೂ ಲೆಕ್ಕಕ್ಕಿಡಲ್ಲ ಬಿಡಣ್ಣ."

ಮುಂದಿನ ಭಾನುವಾರದಿಂದಲೇ ಸೇತುರಾಮ ಹೊಸ ಕೈಗವಸು ಕತ್ತರಿಸಲು ಕೂತ. ಹೊರಗೆ ರೇನ್‌ಕೋಟ್ ಬಟ್ಟೆಯ ಚೂರು, ಒಳಗೆ ಬೂರುಗದ ಹತ್ತಿ, ಅದರೊಳಗೆ ಉಣ್ಣೆ. ಮಾಗಡಿ ರಸ್ತೆಯ ಐಸ್ ಫ್ಯಾಕ್ಟರಿಯಿಂದ ಗಡ್ಡೆ ತಂದು, ಕೈಗವಸು ತೊಟ್ಟು ಅದರ ಮೇಲೆ ಅಂಗೈ ಊರಿ ಕೂರುತ್ತಿದ್ದ. ಅಂಬುಜಾ ಗಡಿಯಾರ ನೋಡಿ ನಿಮಿಷ ಹೇಳಬೇಕು. ಆಮೇಲೆ ಅದೇ ಕೈಯಲ್ಲಿ ಒಂದು ನಟ್ಟು ಬಿಚ್ಚಿ ಮತ್ತೆ ಬಿಗಿಯಬೇಕು. ಮೊದಲ ವರ್ಷವೆಲ್ಲ ನಟ್ಟು ಬೀಳುತ್ತಲೇ ಇತ್ತು.

ಮಾದರಿಯೊಂದನ್ನು ಸೈನ್ಯದ ಕಚೇರಿಗೂ ಕಳಿಸಿದ. ಸದ್ಯಕ್ಕೆ ಅಗತ್ಯವಿಲ್ಲ ಎಂಬ ಕಾಗದದೊಂದಿಗೆ ಪೊಟ್ಟಣ ಹಿಂದಿರುಗಿತು. ಅವನು ನಿಲ್ಲಿಸಲಿಲ್ಲ.

ಎರಡು ವರ್ಷದ ಹಿಂದೆ ತಮ್ಮ ಬಂದಿದ್ದಾಗ ಮೇಜಿನ ಮೇಲೆ ಕಂದು ಕಾಗದ ಹರಡಿದ್ದ. "ಒಂದ್ಸಲ ಕೈ ಇಡೋ. ಅಳತೆ ತಗೋತೀನಿ. ಚಳಿಗೆ ಮೊಂಡು ಬೆರಳು ನೋಯತ್ತೆ ಅಂತಿದ್ಯಲ್ಲ."

"ಹೋದ ಬೆರಳು ವಾಪಸ್ ಬರತ್ತಾ? ನಿನ್ನ ಹುಚ್ಚಿಗೆ ನನ್ನ ಕೈ ಯಾಕೆ?" ಎಂದು ಗೋಪೀನಾಥ ರೇಗಿ, ಊಟಕ್ಕೂ ನಿಲ್ಲದೆ ಬಸ್ಸು ಹತ್ತಿದ್ದ. ಆಮೇಲೆ ಬಂದದ್ದು ಇವತ್ತೇ.

*

ಚಟ್ಟ ಎತ್ತುವ ಹೊತ್ತಿಗೆ ಗೇಟಿನ ಆಚೆ ನಾಲ್ವರು ನಿಂತಿದ್ದರು. ಮಂಜುಗಡ್ಡೆ ತಂದಿದ್ದ ಐಸ್ ಫ್ಯಾಕ್ಟರಿಯವರು, ಇನ್ನೂ ಹೋಗಿರಲಿಲ್ಲ. ಅವರಲ್ಲಿ ಹಿರಿಯನಾದ ಉಗ್ರಪ್ಪ ಕಂಕುಳಲ್ಲಿ ದಪ್ಪ ಕೈಗವಸು ಸಿಕ್ಕಿಸಿಕೊಂಡಿದ್ದ.

"ಅದು ನಮ್ಮಣ್ಣ ಮಾಡಿದ್ದಾ?" ಗೋಪೀನಾಥ ಕೇಳಿದ.

"ಊಂ ಸಾರ್. ಗಡ್ಡೆ ತಗೊಳಕ್ಕೆ ಬರೋರು ಒಂದಿನ ನನ್ನ ಕೈ ನೋಡಿದ್ರು. ಐಸ್ ಹಿಡಿದೂ ಹಿಡಿದೂ ಚರ್ಮ ಎಲ್ಲ ಬಿರುಕು ಬಿಟ್ಟಿತ್ತು. ಅಲ್ಲೇ ಅಳತೆ ತಗೊಂಡ್ರು. ಈಗ ಫ್ಯಾಕ್ಟರಿಲಿ ಎಲ್ರತ್ರಾನೂ ಇದೆ." ಉಗ್ರಪ್ಪ ಒಂದನ್ನು ಅವನ ಕೈಗೆ ಕೊಟ್ಟ.

ಹೆಬ್ಬೆರಳಿಗೆ ಒಂದು ಮನೆ, ತೋರುಬೆರಳಿಗೆ ಒಂದು. ಉಳಿದ ಮೂರಕ್ಕೂ ಸೇರಿ ಒಂದೇ. ತೋರುಬೆರಳ ತುದಿಯಲ್ಲಿ ಎತ್ತಿ ಮುಚ್ಚುವಂಥ ಪುಟ್ಟ ಬಾಯಿ.

"ಬಿಡಿಬಿಡಿಯಾಗಿಟ್ರೆ ಬೆರಳು ಬೇಗ ತಣ್ಣಗಾಗ್ತವೆ, ಒಟ್ಟಿಗಿದ್ರೆ ಒಂದಕ್ಕೊಂದು ಶಾಖ ಕೊಡ್ತವೆ ಅನ್ನೋರು," ಉಗ್ರಪ್ಪ ಹೇಳಿದ. "ಸಣ್ಣ ಕೆಲಸ ಇದ್ರೆ ಈ ತುದಿ ಎತ್ತಿದ್ರಾಯ್ತು, ಕಳಚೋ ಹಂಗೇ ಇಲ್ಲ. ಕಳಚಲೇಬೇಡ ಕಣಯ್ಯಾ ಅಂತ ಸಾವಿರ ಸಲ ಹೇಳವ್ರೆ ಸಾರ್."

ಗೋಪೀನಾಥ ಕೈಗವಸನ್ನು ಹಿಂದಕ್ಕೆ ಕೊಟ್ಟ.

"ನೀವೂ ಹೆಗಲು ಕೊಡಿ ಬನ್ನಿ," ಎಂದ.

ಚಿಕ್ಕಪ್ಪ ಅತ್ತ ಮುಖ ತಿರುಗಿಸಿದರು. ಹರಿಶ್ಚಂದ್ರ ಘಾಟಿನವರೆಗೂ ಉಗ್ರಪ್ಪ ಹೆಗಲು ಬದಲಿಸಲಿಲ್ಲ.

*

ಇಳಿಹೊತ್ತಿಗೆ ನೆಂಟರೆಲ್ಲ ಹೊರಟರು. ಪಕ್ಕದ ಮನೆಯ ಕಮಲಾಕ್ಷಮ್ಮ ಅನ್ನ ತಂದಿಟ್ಟು ಹೋದರು. ಒದ್ದೆ ತಲೆಯಲ್ಲಿ ಕೂತಿದ್ದ ಗೋಪೀನಾಥ ನೆಲ ನೋಡುತ್ತಲೇ ಹೇಳಿದ.

"ಅತ್ತಿಗೆ, ಅವತ್ತು ನಾನು ಅಣ್ಣನಿಗೆ ಸುಳ್ಳು ಹೇಳಿದೆ. ಕೈಗವಸು ಕಳಚಿಟ್ಟಿದ್ದೆ."

"ಅವರಿಗೆ ಗೊತ್ತಿತ್ತು ಕಣೋ."

ಅವನು ತಲೆಯೆತ್ತಿದ.

"ನಿನ್ನ ಟ್ರಂಕಿನಲ್ಲಿ ಅದೂ ಬಂತಲ್ಲ. ಮೆಕ್ಯಾನಿಕ್ ಕೈಗವಸು, ಒಂದು ಚೂರು ಗ್ರೀಸ್ ಆಗಿರ್ಲಿಲ್ಲ. ಅದನ್ನ ಮಡಿಲಲ್ಲಿಟ್ಕೊಂಡು ತುಂಬ ಹೊತ್ತು ಕೂತಿದ್ರು."

"ಮತ್ತೆ ನನ್ನ ಕೇಳ್ಲೇ ಇಲ್ಲ?"

"'ನಾನು ನೊಂದ್ಕೋಬಾರ್ದು ಅಂತ ಸುಳ್ಳು ಹೇಳಿದಾನೆ, ಅದು ಹಾಗೇ ಇರ್ಲಿ' ಅಂದ್ರು."

ಗೋಪೀನಾಥ ಎದ್ದು ಗೋಡೆಯ ಕಡೆ ತಿರುಗಿ ನಿಂತ. ಅವನ ಬೆನ್ನು ಅಲುಗುತ್ತಿದ್ದುದನ್ನು ಅಂಬುಜಾ ನೋಡಿದಳು. ಆಮೇಲೆ ಅವನು ಹೊಲಿಗೆ ಯಂತ್ರದ ಪಕ್ಕದಲ್ಲಿ ಸುತ್ತಿಟ್ಟಿದ್ದ ಕಂದು ಕಾಗದ ಬಿಡಿಸಿ, ನೆಲದ ಮೇಲೆ ಹಾಸಿ, ಬಲ ಅಂಗೈ ಊರಿದ.

ಅಂಬುಜಾ ಪೆನ್ಸಿಲ್ ಹುಡುಕಿ ತಂದು ಎದುರು ಕೂತಳು. ಮಣಿಕಟ್ಟಿನಿಂದ ಹೊರಟ ಗೆರೆ ಹೆಬ್ಬೆರಳನ್ನು ಸುತ್ತಿತು, ತೋರುಬೆರಳನ್ನು ಸುತ್ತಿತು. ಅರ್ಧ ಬೆರಳಿನ ತುದಿಯಲ್ಲಿ ಅವಳು ನಿಧಾನ ಮಾಡಿದಳು. ಅಲ್ಲಿಂದಾಚೆ ಬೆರಳಿಲ್ಲದ ಕಡೆಯೂ ಪೆನ್ಸಿಲನ್ನು ಎತ್ತಲಿಲ್ಲ. ಅಂಗೈಯ ಅಂಚಿಗೆ ತಾಗಿಸಿಕೊಂಡೇ, ಉಬ್ಬುತಗ್ಗು ಒಂದೂ ತಪ್ಪದಂತೆ, ಗೆರೆ ಎಳೆಯುತ್ತಾ ಹೋದಳು.