ಹೊಳೆ ಮೀನಿಗೊಂದು ತುತ್ತು

"ಹೊಳೆ ಮೀನಿಗೊಂದ್ ತುತ್ತು, ಸೇತುವೆ ಕೋತಿಗೊಂದ್ ತುತ್ತು, ಆಮ್ಯಾಕೆ?" ಯಶೋಧರಾ ಮುದ್ದೆಯ ತುತ್ತನ್ನು ಮೊಬೈಲಿನ ಮುಂದೆ ಹಿಡಿದು ಕೇಳಿದಳು.

"ನೂರಾಗೊಂದ್ ತುತ್ತು," ಎಂದು ಕುವೈತಿನಿಂದ ನಾಲ್ಕು ವರ್ಷದ ಮಗು ನೂರಾ ಬಾಯಿ ತೆರೆಯಿತು. ಅಲ್ಲಿ ಅದರ ತಾಯಿ ಚಮಚದಲ್ಲಿ ಅನ್ನ ಇಟ್ಟಳು.

ಪಕ್ಕದಲ್ಲಿ ತಟ್ಟೆ ಹಿಡಿದು ಕೂತಿದ್ದ ಮಗಳು ತೇಜಶ್ರೀಗೆ ಕಿವಿ ಬಿಸಿಯಾಯಿತು. ಆ ಮೀನು, ಆ ಕೋತಿ ಹೊಳೆನರಸೀಪುರದವು. ಅವಳಿಗೆ ಉಣ್ಣಿಸಲೆಂದೇ ಅವ್ವ ಕಟ್ಟಿದ ಮಾತು. ಅವಳಿಗೆ ಒಂಬತ್ತಾಗಿದ್ದಾಗ ಅವ್ವ ಈ ಮಗುವನ್ನು ನೋಡಿಕೊಳ್ಳುವ ಕೆಲಸಕ್ಕೆಂದು ಕುವೈತಿಗೆ ಹೋದಳು. ಕೂಲಿಯಲ್ಲಿ ಏಳದಿದ್ದ ಮನೆ ಆ ಸಂಬಳದಲ್ಲಿ ಕಿಟಕಿಮಟ್ಟಕ್ಕೆ ಎದ್ದಿತ್ತು. ಮೂರು ವರ್ಷಕ್ಕೆ ಸಿಕ್ಕ ರಜೆ ಇದು. ಅದರಲ್ಲೂ ಉಣ್ಣುವ ಹೊತ್ತಿಗೆ ಸರಿಯಾಗಿ ಈ ಫೋನು.

"ಅದಕ್ಕೆ ಕನ್ನಡ ಯಾಕ್ ಕಲ್ಸಿದೆ?"

"ಆ ಮನೇಲಿ ನಮ್ ಮಾತಾಡೋರು ಯಾರಿದ್ರವ್ವ? ನಾಲಿಗೆನೇ ಬಿದ್ದೋದಂಗಾಯ್ತಿತ್ತು. ಮಗೀನ ಕೂಡೆ ಆಡ್ಕತಿದ್ದೆ, ಕಲ್ತ್ಕತು."

ಅಜ್ಜಿ ನಕ್ಕಳು. "ಸವತಿ ಬಂದಂಗೆ ಮೂತಿ ಊದುಸ್ಕಂಡವಳಲ್ಲೇ, ಇಷ್ಟುದ್ದದ ಕೂಸಿನ ಮ್ಯಾಲೆ."

ಸಂಜೆ ಬುದ್ಧನ ಪಟದ ಮುಂದೆ ಮೂವರೂ ಶರಣು ಹೇಳಿ ಮುಗಿಸಿದಾಗ ಯಶೋಧರಾ ಕಣ್ಣು ಮುಚ್ಚಿಕೊಂಡೇ, "ನೂರಾನೂ ಚೆನ್ನಾಗಿರ್ಲಿ," ಎಂದಳು. ತೇಜಶ್ರೀ ಮುಗಿದ ಕೈ ಬಿಟ್ಟು ಎದ್ದು ಹೋದಳು.

ಮರುದಿನ ಅವ್ವ ನಲ್ಲಿಗೆ ಹೋಗಿದ್ದಾಗ ಮೊಬೈಲು ಬಡಿದುಕೊಂಡಿತು. ತೆರೆಯ ತುಂಬ ಅದೇ ದುಂಡು ಮುಖ.

"ಅವ್ವ ಎಲ್ಲಿ?"

ನನ್ನ ಅವ್ವನನ್ನು ಅವ್ವ ಅನ್ನುತ್ತದೆ. ತೇಜಶ್ರೀ ಮುಖ ಹತ್ತಿರ ತಂದಳು. "ಅವ್ವ ಬರಲ್ಲ. ಇನ್ಯಾವತ್ತೂ ಬರಲ್ಲ. ನೀನು ಬ್ಯಾಡ ಅಂತ ಅವಳೇ ಯೋಳವ್ಳೆ."

ಮಗುವಿನ ಕೆಳತುಟಿ ಅಲುಗಿತು. ತಿರುಗಿ ತಾಯಿಗೆ ಅವರ ಭಾಷೆಯಲ್ಲಿ ಏನೋ ಹೇಳಿ ಬಿಕ್ಕತೊಡಗಿತು. ತಾಯಿಯ ಮುಖ ಒಮ್ಮೆ ತೆರೆಗೆ ಬಂತು, ಗಂಟಿಕ್ಕಿಕೊಂಡು. ಫೋನು ಕಟ್ಟಾಯಿತು.

ಎರಡು ದಿನಕ್ಕೆ, ಅವ್ವನನ್ನು ಆ ಕೆಲಸಕ್ಕೆ ಕಳಿಸಿದ್ದ ಏಜೆಂಟ್ ನಟರಾಜನ ಫೋನು ಬಂತು. "ಬರಲ್ಲ ಅನ್ನಂಗಿದ್ರೆ ನಂಗಾದ್ರೂ ಒಂದ್ ಮಾತು ಯೋಳ್ಬಾರ್ದಾ ಯಶೋಧರಮ್ಮ? ಅವ್ರು ಬ್ಯಾರೆಯೋಳ್ನ ಇಟ್ಕಂಡ್ರು."

"ನಾನ್ಯಾವಾಗ ಬರಲ್ಲ ಅಂದೆ?" ಎಂದವಳ ಕಣ್ಣು ಮೆಲ್ಲಗೆ ಮಗಳ ಕಡೆ ತಿರುಗಿತು. ತೇಜಶ್ರೀ ಕಾಲಿನ ಉಗುರು ನೋಡುತ್ತ ನಿಂತಳು.

ಯಶೋಧರಾ ಬೈಯಲಿಲ್ಲ. ಆ ಮನೆಯ ನಂಬರನ್ನು ಮತ್ತೆ ಮತ್ತೆ ಒತ್ತಿದಳು. ಕರೆ ಹೋಗಲಿಲ್ಲ.

"ಮನೆ ಇನ್ನೆಂಗಾರಾ ಏಳ್ತದೆ," ಅಂದಳು ಅಜ್ಜಿಗೆ. "ಆ ಕೂಸು ಉಣ್ತೋ ಇಲ್ವೋ ಅಂತ ಯಾರಾನ ಯೋಳಿದ್ರೆ ಸಾಕಾಗಿತ್ತು."

ದೀಪ ಹಚ್ಚುವ ಹೊತ್ತಿನಲ್ಲಿ ಅವಳು ಹೊಸಿಲ ಬಳಿ ಕಾಲು ಚಾಚಿ ಕೂತಿದ್ದಳು. ಬಲಗೈ ತನ್ನ ಪಾಡಿಗೆ ತನ್ನದೇ ತೊಡೆಯನ್ನು ತಟ್ಟುತ್ತಿತ್ತು, ಸಣ್ಣ ಕೂಸನ್ನು ಮಲಗಿಸುವ ಹಾಗೆ. ತೇಜಶ್ರೀ ಬಂದು ಆ ಜಾಗದಲ್ಲೇ ತಲೆಯಿಟ್ಟು ಮುದುರಿಕೊಂಡಳು. ಕೈ ನಿಂತಿತು. ಸ್ವಲ್ಪ ಹೊತ್ತಿಗೆ ಮತ್ತೆ ತಟ್ಟತೊಡಗಿತು, ತೇಜಶ್ರೀಗೆ ಗೊತ್ತಿಲ್ಲದ ಯಾವುದೋ ತಾಳದಲ್ಲಿ.